ದೋಷ ತಂತಿಯದಲ್ಲ

ಹಳೆಯ ಫೋನಿನ ಡಬ್ಬದಲ್ಲಿ ಬಂದ ವೈರ್ ಇಯರ್‌ಫೋನ್ ಒಂದಾದರೂ ಹೆಚ್ಚಿನ ಮನೆಗಳ ಮೇಜಿನ ಖಾನೆಯಲ್ಲಿ ಬಿದ್ದಿರುತ್ತದೆ. ರಬ್ಬರ್ ಇಲ್ಲದ್ದು, ಗಟ್ಟಿ ಪ್ಲಾಸ್ಟಿಕ್ಕಿನದು, ಪುಟ್ಟ ಬಟ್ಟಲಿನ ಆಕಾರದ್ದು. ಅದನ್ನು ಹುಡುಕಿ, ಸಿಕ್ಕು ಬಿಡಿಸಿ, ಫೋನಿಗೆ ಚುಚ್ಚಿ ತಂಬೂರಿಯ ನಾದ ಹಾಕಿಕೊಳ್ಳಿ. ಪಂಚಮ ಕೇಳುತ್ತದೆ, ಎರಡು ಷಡ್ಜಗಳು ಕೇಳುತ್ತವೆ. ನಾಲ್ಕನೆಯ ತಂತಿಯ ಮಂದ್ರ ಷಡ್ಜ ಮಾತ್ರ ಮೈ ಕಳೆದುಕೊಂಡು ತೆಳ್ಳಗಾಗಿರುತ್ತದೆ. ಈಗ ಎರಡೂ ಬಟ್ಟಲುಗಳನ್ನು ಬೆರಳಿನಿಂದ ಮೆಲ್ಲಗೆ ಕಿವಿಯೊಳಕ್ಕೆ ಒತ್ತಿ ಹಿಡಿಯಿರಿ. ಮಂದ್ರ ತುಂಬಿಕೊಂಡು ಬರುತ್ತದೆ. ಬೆರಳು ತೆಗೆದರೆ ಮತ್ತೆ ಬಡವಾಗುತ್ತದೆ.

ಈ ಎರಡು ಗಳಿಗೆಗಳ ನಡುವೆ ಇಯರ್‌ಫೋನಿನ ತಂತಿ ಬದಲಾಗಲಿಲ್ಲ, ಫೋನ್ ಬದಲಾಗಲಿಲ್ಲ, ಒಳಗಿನ ಪುಟ್ಟ ಸ್ಪೀಕರ್ ಕೂಡ ಅದೇ. ಕಿವಿಗೂ ಬಟ್ಟಲಿಗೂ ನಡುವೆ ಇದ್ದ ಸಂದು ಮುಚ್ಚಿತು, ಅಷ್ಟೇ. ಅಗ್ಗದ ವೈರ್ ಇಯರ್‌ಫೋನನ್ನು ಅಳೆಯುವವರು ಮೊದಲು ನೋಡಬೇಕಾದದ್ದು ಆ ಸಂದನ್ನು. ನಮ್ಮ ಮಾತುಕತೆಯಲ್ಲಿ ಅದರ ಸುದ್ದಿಯೇ ಬರುವುದಿಲ್ಲ.

ಬರುವುದು ತಂತಿಯ ಸುದ್ದಿ. ವೈರ್ ಎಂದರೆ ಹಿಂದಿನ ಕಾಲದ್ದು, ವೈರ್ ಇಲ್ಲದ ಬಡ್ಸ್ ಕೊಳ್ಳಲು ದುಡ್ಡಿಲ್ಲದವರದ್ದು, ಇವತ್ತಲ್ಲ ನಾಳೆ ಕಣ್ಮರೆಯಾಗುವಂಥದ್ದು ಎಂಬುದು ಬಹುಮತದ ಅಭಿಪ್ರಾಯ. ಇದಕ್ಕೆ ಎದುರಾಗಿ ಸಣ್ಣ ಗುಂಪೊಂದು, ವೈರ್ ಇದ್ದರೆ ಸಾಕು, ಧ್ವನಿ ತಾನಾಗಿಯೇ ಚೆನ್ನಾಗಿರುತ್ತದೆ ಎಂದು ವಾದಿಸುತ್ತದೆ. ಇತ್ತೀಚೆಗೆ ನಗರದ ಯುವಕ ಯುವತಿಯರಲ್ಲಿ ವೈರ್ ಮತ್ತೆ ಫ್ಯಾಷನ್ ಆಗಿರುವುದರಿಂದ ಈ ಗುಂಪಿನ ದನಿಯೂ ಏರಿದೆ. ಎರಡೂ ಪಕ್ಷದವರು ಒಂದೇ ತಪ್ಪು ಮಾಡುತ್ತಿದ್ದಾರೆ. ತಂತಿಯ ಮೇಲೆ ಕಣ್ಣಿಟ್ಟು ಕಿವಿಯನ್ನು ಮರೆತಿದ್ದಾರೆ. ನನ್ನ ವಾದ ಇಷ್ಟು: ಈ ವಸ್ತುವಿನಲ್ಲಿ ತಂತಿಯೇ ದೊಡ್ಡ ಗುಣ. ದೋಷವಿರುವುದು ತಂತಿಯ ಎರಡು ತುದಿಗಳಲ್ಲಿ. ಒಂದು ಕಿವಿಯ ಬಾಯಿಯಲ್ಲಿ, ಇನ್ನೊಂದು ಪಿನ್ನಿನ ಬುಡದಲ್ಲಿ. ಎರಡನ್ನೂ ಕೆಲವೇ ರೂಪಾಯಿಗಳಲ್ಲಿ ಸರಿಪಡಿಸಬಹುದು. ನಾವು ದೋಷವನ್ನು ತಿದ್ದದೆ ಗುಣವನ್ನೇ ಕಿತ್ತೆಸೆಯುತ್ತಿದ್ದೇವೆ.

ವೈರ್ ಹಳತಾಯಿತು ಎಂಬ ಅಭಿಪ್ರಾಯ ತಾನಾಗಿ ಬೆಳೆದದ್ದಲ್ಲ. 2016ರ ಸೆಪ್ಟೆಂಬರ್ 7ರಂದು ಆಪಲ್ ಕಂಪನಿ ಐಫೋನ್ 7 ಅನ್ನು ಅನಾವರಣಗೊಳಿಸಿದಾಗ ಅದರಲ್ಲಿ 3.5 ಮಿಲಿಮೀಟರ್‌ನ ಇಯರ್‌ಫೋನ್ ಜ್ಯಾಕ್ ಇರಲಿಲ್ಲ. ಜ್ಯಾಕ್ ತೆಗೆದದ್ದಕ್ಕೆ ಕಂಪನಿಯ ಹಿರಿಯ ಅಧಿಕಾರಿ ಫಿಲ್ ಶಿಲ್ಲರ್ ವೇದಿಕೆಯ ಮೇಲೆ ಬಳಸಿದ ಪದ ‘ಧೈರ್ಯ’. ಅದೇ ವೇದಿಕೆಯಲ್ಲಿ ವೈರ್ ಇಲ್ಲದ ಏರ್‌ಪಾಡ್ಸ್ ಕೂಡ ಪರಿಚಯವಾಯಿತು. 2020ರಲ್ಲಿ ಐಫೋನ್ 12ರ ಡಬ್ಬದಿಂದ ವೈರ್ ಇಯರ್‌ಫೋನೂ ಹೋಯಿತು. ಉಳಿದ ಕಂಪನಿಗಳು ಮೊದಮೊದಲು ನಕ್ಕರೂ ದುಬಾರಿ ಫೋನುಗಳಲ್ಲಿ ಒಂದೊಂದಾಗಿ ಅದೇ ದಾರಿ ಹಿಡಿದವು. ಜ್ಯಾಕ್ ಮುಚ್ಚಿದವರೇ ಜ್ಯಾಕ್ ಬೇಡದ ವಸ್ತುವನ್ನು ಮಾರುವವರೂ ಆದರು. ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಹುಟ್ಟಿ, ಟ್ರಾನ್ಸಿಸ್ಟರ್ ರೇಡಿಯೊಗಳಿಗಾಗಿ ಸಣ್ಣದಾಗಿ, 1979ರ ವಾಕ್‌ಮನ್ ಮೂಲಕ ಜಗತ್ತಿನ ಜೇಬುಗಳಿಗೆ ಇಳಿದ ಒಂದು ಪಿನ್ನು ಕೆಟ್ಟು ನಿಂತದ್ದರಿಂದ ಮೂಲೆ ಸೇರಲಿಲ್ಲ. ಅದರಿಂದ ಹೊಸ ವ್ಯಾಪಾರ ಹುಟ್ಟುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ವೈರ್ ಇಯರ್‌ಫೋನಿನ ದೋಷವನ್ನು ಮುಚ್ಚಿಡದೆ ಹೇಳಬೇಕು. ಅದು ನಿಜವಾಗಿ ಗಂಭೀರವಾದ ದೋಷ.

ಇಯರ್‌ಫೋನಿನ ಒಳಗಿರುವುದು ಒಂದು ಅಯಸ್ಕಾಂತ, ಕೂದಲೆಳೆಯಂಥ ತಾಮ್ರದ ಸುರುಳಿ, ಸುರುಳಿಗೆ ಅಂಟಿದ ತೆಳುವಾದ ಪೊರೆ. ವಿದ್ಯುತ್ ಹರಿದಂತೆ ಪೊರೆ ಹಿಂದೆ ಮುಂದೆ ಅಲುಗಿ ಕಿವಿಯ ಗಾಳಿಯನ್ನು ಒತ್ತುತ್ತದೆ. ತಾರ ಸ್ವರಗಳಿಗೆ ಸಣ್ಣ ಅಲುಗಾಟ ಸಾಕು. ಮಂದ್ರಕ್ಕೆ ಒತ್ತಡ ನಿಲ್ಲಬೇಕು, ಒತ್ತಡ ನಿಲ್ಲಲು ಗಾಳಿ ಆಚೆ ಹೋಗಬಾರದು. ಕಮ್ಮಾರನ ತಿದಿಗೆ ತೂತು ಬಿದ್ದರೆ ಎಷ್ಟು ಒತ್ತಿದರೂ ಕೆಂಡ ಹೊತ್ತದು. ಬಟ್ಟಲು ಮಾದರಿಯ ಇಯರ್‌ಫೋನ್ ಅಂಥ ತಿದಿ. ಎಲ್ಲರ ಕಿವಿಯೂ ಒಂದೇ ಅಳತೆಯದಲ್ಲ, ಗಟ್ಟಿ ಪ್ಲಾಸ್ಟಿಕ್ ಮಾತ್ರ ಎಲ್ಲರಿಗೂ ಒಂದೇ. ಸಂದು ಉಳಿದೇ ಉಳಿಯುತ್ತದೆ. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಆ ಸಂದಿನಲ್ಲಿ ಸೋರಿಹೋಗುತ್ತದೆ. ಗಾಯಕರ ಷಡ್ಜ 138 ಹರ್ಟ್ಸ್ ಇದ್ದರೆ ತಂಬೂರಿಯ ಮಂದ್ರ ಷಡ್ಜ 69 ಹರ್ಟ್ಸ್. ಅಂದರೆ ಸೋರುವ ಪಾಲಿನ ನಡುಮಧ್ಯೆ.

ಹಾಗಿದ್ದರೂ ಬೆರಳು ಒತ್ತುವ ಮೊದಲೂ ಅದು ಮಂದ್ರ ಷಡ್ಜವೆಂದೇ ನಮಗೆ ಗೊತ್ತಾಗುತ್ತಿತ್ತಲ್ಲ? ಅದಕ್ಕೂ ಕಾರಣವಿದೆ. ಸಿ. ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಯ ಕುದುರೆಯ ವಿನ್ಯಾಸವನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಅಗಲವಾದ, ತುಸು ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಕಂಪಿಸುವುದರಿಂದ, ತಂಬೂರಿಯಲ್ಲಾದರೆ ತಂತಿಯಡಿ ಇಡುವ ಜೀವದ ದಾರವೂ ಸೇರಿ, ಮೂಲಸ್ವರದ ಮೇಲೆ ಉಪಸ್ವರಗಳ ದೊಡ್ಡ ಸಾಲೇ ಏಳುತ್ತದೆ. ಮೂಲಸ್ವರ ಸೋರಿಹೋದರೂ ಈ ಉಪಸ್ವರಗಳ ಅಂತರವನ್ನು ಹಿಡಿದು ಮಿದುಳು ಮೂಲವನ್ನು ಊಹಿಸಿಕೊಳ್ಳುತ್ತದೆ. ಅಗ್ಗದ ಇಯರ್‌ಫೋನಿನಲ್ಲಿ ನಾವು ಶ್ರುತಿ ತಪ್ಪದೆ ಕೇಳುತ್ತಿರುವುದು ಹೀಗೆ. ಸ್ವರದ ಹೆಸರು ಸಿಗುತ್ತದೆ, ಸ್ವರದ ತೂಕ ಸಿಗುವುದಿಲ್ಲ.

ತಂಬೂರಿಯಲ್ಲಿ ಈ ನಷ್ಟವನ್ನು ಸಹಿಸಿಕೊಳ್ಳಬಹುದು. ಯಕ್ಷಗಾನದ ಹಿಮ್ಮೇಳ ಕೇಳಿ ನೋಡಿ. ಚೆಂಡೆಯ ಪೆಟ್ಟು ಕಿವಿಗೆ ಚುಚ್ಚುತ್ತದೆ, ಮದ್ದಳೆಯ ಎಡಗೈ ಗುಮುಕಿಲ್ಲದೆ ಹಿಂದೆ ಸರಿಯುತ್ತದೆ. ಭಾಗವತರ ಕಂಠದ ಎದೆಭಾಗ ಕಳಚಿ ಗಂಟಲಿನ ಭಾಗವಷ್ಟೇ ಉಳಿಯುತ್ತದೆ. ಆಗ ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಮದ್ದಳೆ ಬರಲಿ ಎಂದು ಏರಿಸುತ್ತೇವೆ, ಅದರೊಂದಿಗೆ ಚೆಂಡೆಯೂ ಏರುತ್ತದೆ. ಬಸ್ಸಿನಲ್ಲಂತೂ ಇನ್ನೂ ಕಷ್ಟ. ಸಂದಿನಿಂದ ಮಂದ್ರ ಆಚೆ ಸೋರುವಂತೆಯೇ ಎಂಜಿನ್ನಿನ ಗದ್ದಲ ಒಳಗೆ ಬರುತ್ತದೆ. ಆ ಗದ್ದಲವನ್ನು ಮೀರಲು ಮತ್ತೆರಡು ಗೆರೆ ಏರಿಸುತ್ತೇವೆ.

ಇದು ರುಚಿಯ ಪ್ರಶ್ನೆಯನ್ನು ದಾಟಿ ಆರೋಗ್ಯದ ಪ್ರಶ್ನೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸುರಕ್ಷಿತ ಮಿತಿ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5 ಗಂಟೆ. ದಿನಕ್ಕೆ ಒಂದೊಂದು ಗಂಟೆ ಹೋಗಿ ಬರುವ ಬಸ್ ಪ್ರಯಾಣಿಕರು 89 ಡೆಸಿಬೆಲ್‌ನಲ್ಲಿ ಕೇಳಿದರೆ ಅವರ ವಾರದ ಪಾಲು ಬುಧವಾರಕ್ಕೇ ಮುಗಿದುಹೋಗುತ್ತದೆ. ಒಳಗಿವಿಯ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಬಟ್ಟಲು ಮಾದರಿಯನ್ನು ಬಸ್ಸಿಗೆ, ರೈಲಿಗೆ, ಪೇಟೆಗೆ ಒಯ್ಯುವುದು ತಪ್ಪು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಈ ವಸ್ತುವಿನ ಮೇಲೆ ಹೊರಿಸಬೇಕಾದ ನಿಜವಾದ ಆರೋಪ ಇದು. ಹಳೆಯದು ಎಂಬುದು ಆರೋಪವೇ ಅಲ್ಲ.

ಆದರೆ ಗಮನಿಸಿ. ಇದೇ ಆರೋಪ ರಬ್ಬರ್ ಇಲ್ಲದ ವೈರ್‌ಲೆಸ್ ಬಡ್ಸ್‌ಗೂ ಅಷ್ಟೇ ಅನ್ವಯಿಸುತ್ತದೆ. ಅಲ್ಲಿಯೂ ಗಟ್ಟಿ ಪ್ಲಾಸ್ಟಿಕ್, ಅದೇ ಸಂದು, ಅದೇ ಸೋರಿಕೆ. ತಂತಿ ಹೋದದ್ದರಿಂದ ಸಂದು ಮುಚ್ಚಲಿಲ್ಲ. ಇತ್ತ 300 ರೂಪಾಯಿಯ ವೈರ್ ಇಯರ್‌ಫೋನಿನಲ್ಲೂ ಸಿಲಿಕೋನ್ ರಬ್ಬರ್ ಇರುವುದು ಸಿಗುತ್ತದೆ, ಸಣ್ಣ ದೊಡ್ಡ ಅಳತೆಯ ಮೂರು ಜೊತೆ ರಬ್ಬರ್‌ಗಳೂ ಜೊತೆಗೆ ಬರುತ್ತವೆ. ಅದರಲ್ಲಿ ತನ್ನ ಕಿವಿಗೆ ಒಪ್ಪುವುದನ್ನು ಆರಿಸಿಕೊಂಡವರಿಗೆ ಮೇಲೆ ಹೇಳಿದ ದೋಷದ ಬಹುಪಾಲು ಇಲ್ಲವಾಗುತ್ತದೆ. ಹಳೆಯ ಬಟ್ಟಲಿನದೇ ಬೇಕೆಂದರೆ ವಾಕ್‌ಮನ್ ಕಾಲದ ಸ್ಪಂಜಿನ ಟೋಪಿ ತೊಡಿಸಿದರೂ ಸಂದು ತಕ್ಕಮಟ್ಟಿಗೆ ತುಂಬುತ್ತದೆ.

ಗದ್ದಲ ತಗ್ಗಿಸುವ ತಂತ್ರದ ವಿಷಯವೂ ಹೀಗೆಯೇ. ಒಳ್ಳೆಯ ಬಡ್ಸ್‌ಗಳು ಹೊರಗಿನ ಶಬ್ದವನ್ನು ಮೈಕಿನಿಂದ ಹಿಡಿದು, ಅದಕ್ಕೆ ಎದುರಾದ ಅಲೆಯನ್ನು ಹುಟ್ಟಿಸಿ ಎಂಜಿನ್ನಿನ ಗುಂಯ್‌ಗುಡುವಿಕೆಯನ್ನು ಅಡಗಿಸುತ್ತವೆ. ಅಗ್ಗದ ವೈರ್ ಇಯರ್‌ಫೋನಿಗೆ ಇದು ಆಗದು. ಇದನ್ನು ಒಪ್ಪಲೇಬೇಕು. ಆದರೆ ಈ ಗುಣ ಬಂದದ್ದು ಚಿಪ್ ಮತ್ತು ಬ್ಯಾಟರಿಯಿಂದಲೇ ಹೊರತು ತಂತಿ ಕತ್ತರಿಸಿದ್ದರಿಂದಲ್ಲ. ಬೋಸ್ ಕಂಪನಿ 2013ರಲ್ಲಿ ಮಾರಿದ ಕ್ವೈಟ್‌ಕಂಫರ್ಟ್ 20 ತಂತಿ ಇದ್ದೇ ಈ ಕೆಲಸ ಮಾಡುತ್ತಿತ್ತು.

ಸಂದಿರುವುದರಿಂದ ಲಾಭವೇ ಇಲ್ಲವೆನ್ನುವುದೂ ಸರಿಯಲ್ಲ. ರಬ್ಬರ್ ಹಾಕಿ ಕಿವಿ ಮುಚ್ಚಿದಾಗ ನಮ್ಮದೇ ಮಾತು ತಲೆಯೊಳಗೆ ಗುಂಯ್‌ಗುಡುತ್ತದೆ. ಗಂಟೆಗಟ್ಟಲೆ ಪಾಠ ಹೇಳುವವರಿಗೆ, ಕರೆಗಳಲ್ಲಿ ಮಾತಾಡುವವರಿಗೆ ಅದು ಹಿಂಸೆ. ಬಟ್ಟಲು ಮಾದರಿಯಲ್ಲಿ ಆ ತೊಂದರೆಯಿಲ್ಲ. ಮಂಗಳೂರು, ಕಾರವಾರದ ಸೆಕೆಯಲ್ಲಿ ಕಿವಿ ಬೆವರುವುದೂ ಕಡಿಮೆ. ರಾತ್ರಿ ಮನೆ ನಿಶ್ಶಬ್ದವಾದ ಮೇಲೆ, ಪಕ್ಕದಲ್ಲಿ ಮಲಗಿದ ಮಗು ಅತ್ತರೆ ಕೇಳಿಸುವಷ್ಟು ಕಿವಿ ತೆರೆದಿಟ್ಟುಕೊಂಡು ಸಣ್ಣ ದನಿಯಲ್ಲಿ ಕೇಳಲು ಅದಕ್ಕಿಂತ ಒಳ್ಳೆಯದು ಬೇಡ. ಅದರ ಜಾಗ ಮನೆ. ನಾವು ಅದನ್ನು ರಸ್ತೆಗೆ ಒಯ್ದೆವು.

ಇನ್ನು ಎರಡನೆಯ ದೋಷ. ‘ಒಂದು ಸೈಡ್ ಹೋಗಿದೆ’ ಎಂಬ ಮಾತು ಕೇಳದ ಮನೆಯಿಲ್ಲ. ವೈರ್ ಬಾಳಿಕೆ ಬರುವುದಿಲ್ಲ ಎಂಬ ನಂಬಿಕೆಗೆ ಈ ಅನುಭವವೇ ಆಧಾರ. ನಾನು ಹಿರಿಯರ ಸಂದರ್ಶನಗಳ ಧ್ವನಿಮುದ್ರಣ ಕೇಳಿ ಬರೆದಿಳಿಸುವ ಕೆಲಸ ಮಾಡುತ್ತೇನೆ; ವರ್ಷಕ್ಕೆ ಎರಡಾದರೂ ಇಯರ್‌ಫೋನ್ ಹೀಗೆ ಕೆಡುತ್ತಿತ್ತು. ಒಮ್ಮೆ ಕೆಟ್ಟದ್ದನ್ನು ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಪಿನ್ನನ್ನು ಹಿಡಿದು ವೈರನ್ನು ಆಚೀಚೆ ಅಲ್ಲಾಡಿಸಿ, ಒಂದು ಕಿವಿಗೆ ಇಟ್ಟುಕೊಂಡು ಕೇಳಿ, “ವೈರ್ ಚೆನ್ನಾಗೇ ಇದೆ ಸಾರ್. ಪಿನ್ ಹತ್ರ ಮಡಚಿ ಮಡಚಿ ಒಳಗೆ ಕಟ್ ಆಗಿದೆ, ಅಷ್ಟೇ” ಎಂದ. ಬುಡದಿಂದ ಎರಡು ಅಂಗುಲ ಕತ್ತರಿಸಿದ. ಒಳಗೆ ಕೆಂಪು, ಹಸಿರು, ತಾಮ್ರದ ಬಣ್ಣದ ಎಳೆಗಳು. ಅವುಗಳ ಮೇಲಿನ ಬಣ್ಣವೇ ವಿದ್ಯುತ್ ತಡೆಯುವ ಲೇಪ. ಅದು ಹೋಗದೆ ಬೆಸುಗೆ ಹಿಡಿಯುವುದಿಲ್ಲ. ಲೈಟರಿನಿಂದ ತುದಿ ಸುಟ್ಟು, ಉಗುರಿನಿಂದ ಮಸಿ ಕೆರೆದು, ಹೊಸ ಪಿನ್ನಿಗೆ ಬೆಸೆದು ಕೊಟ್ಟ. ಹತ್ತು ನಿಮಿಷವೂ ಆಗಲಿಲ್ಲ. ಆ ಇಯರ್‌ಫೋನ್ ನನ್ನ ಮೇಜಿನ ಮೇಲೆ ಇವತ್ತಿಗೂ ದುಡಿಯುತ್ತಿದೆ.

ಕೂಲಿ ಮತ್ತು ಪಿನ್ನಿನ ಬೆಲೆ ಸೇರಿದರೆ ಹೊಸದರ ಕಾಲು ಭಾಗವೋ ಮೂರನೆಯ ಒಂದು ಭಾಗವೋ ಆಗುತ್ತದೆ, ಹಾಗಾಗಿ ಹೆಚ್ಚಿನವರು ರಿಪೇರಿಗೆ ಹೋಗುವುದಿಲ್ಲ ಎಂಬುದು ನಿಜ. ಆದರೆ ಅದು ಕೆಡುವ ಜಾಗ ಯಾವುದು ನೋಡಿ. ಮೀಟರಿಗಿಂತ ಉದ್ದದ ತಂತಿಯಲ್ಲಿ ಪಿನ್ನಿನ ಬುಡದ ಒಂದು ಅಂಗುಲ. ಅಲ್ಲಿ ಮೆದುವಾದ, ಉದ್ದನೆಯ ರಬ್ಬರ್ ತೋಳು ಹಾಕಿದರೆ, ಪಿನ್ನು ‘ಎಲ್’ ಆಕಾರದಲ್ಲಿ ಬಾಗಿದ್ದರೆ, ಫೋನ್ ಜೇಬಿನಲ್ಲಿದ್ದಾಗ ವೈರ್ ಮುರಿಯುವಂತೆ ಮಡಚಿಕೊಳ್ಳುವುದಿಲ್ಲ. ತಯಾರಕರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಉಳಿತಾಯ ಮಾಡಿದ್ದು ಅವರು, ಹೆಸರು ಕೆಟ್ಟದ್ದು ತಂತಿಯದು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ತಲೆಯಿಂದ ಕಳಚಿ ಬದಲಿಸಬಹುದಾದ ವೈರ್ ಇರುವ ಇಯರ್‌ಫೋನುಗಳೇ ಈಗ ಸಿಗುತ್ತವೆ.

ಬಡ್ಸ್‌ಗಳ ಸಾವು ಬೇರೆ ಬಗೆಯದು. ಪ್ರತಿಯೊಂದರೊಳಗೂ ಒಂದು ಪುಟ್ಟ ಲಿಥಿಯಂ ಬ್ಯಾಟರಿ. ಡಬ್ಬಿಗೆ ಹಾಕಿದಾಗಲೆಲ್ಲ ಚಾರ್ಜ್ ಆಗುತ್ತ, ಕೆಲವು ನೂರು ಸುತ್ತುಗಳ ನಂತರ ಬಲ ಕುಂದುತ್ತ ಹೋಗುತ್ತದೆ. ಎರಡು ಮೂರು ವರ್ಷಕ್ಕೆ ಒಂದು ಕರೆ ಮುಗಿಯುವುದರೊಳಗೆ ಒಂದು ಕಿವಿ ಸುಮ್ಮನಾಗುತ್ತದೆ. ಹೆಚ್ಚಿನವುಗಳಲ್ಲಿ ಅಂಟಿನಿಂದ ಮುಚ್ಚಿದ ಪ್ಲಾಸ್ಟಿಕ್ಕನ್ನು ಒಡೆಯದೆ ಬ್ಯಾಟರಿ ಬದಲಿಸಲಾಗದು. ವಸ್ತುಗಳನ್ನು ಬಿಚ್ಚಿ ರಿಪೇರಿಗೆ ಎಷ್ಟು ಸುಲಭವೆಂದು ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಏರ್‌ಪಾಡ್ಸ್‌ಗೆ ಕೊಟ್ಟದ್ದು ಹತ್ತಕ್ಕೆ ಸೊನ್ನೆ. ಬಸ್ ನಿಲ್ದಾಣದ ಆ ಹುಡುಗನ ಕೈಯಲ್ಲಿ ಬೆಸುಗೆಯ ಕಡ್ಡಿ ಇದ್ದೂ ಏನೂ ಮಾಡಲಾಗದ ವಸ್ತು ಇದು. ಯಾವುದು ಬಾಳಿಕೆಯದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಕೆಟ್ಟರೆ ಸರಿಯಾಗುವುದು ಬಾಳಿಕೆಯದು.

ಬೆಲೆಯ ಲೆಕ್ಕವನ್ನೂ ಬಿಚ್ಚಿ ನೋಡೋಣ. ಸಾವಿರ ರೂಪಾಯಿಯ ಬಡ್ಸ್‌ನಲ್ಲಿ ಮೂರು ಬ್ಯಾಟರಿ, ರೇಡಿಯೊ ಚಿಪ್ಪುಗಳು, ಚಾರ್ಜ್ ಮಾಡುವ ಡಬ್ಬಿ, ಇವೆಲ್ಲದರ ಖರ್ಚು ಕಳೆದು ಉಳಿದದ್ದರಲ್ಲಿ ಧ್ವನಿ ಹೊರಡಿಸುವ ಸ್ಪೀಕರ್. ಅದೇ ಸಾವಿರ ರೂಪಾಯಿಯ ವೈರ್ ಇಯರ್‌ಫೋನಿನಲ್ಲಿ ಇವೊಂದೂ ಇಲ್ಲ. ಬ್ಯಾಟರಿ, ಆಂಪ್ಲಿಫೈಯರ್ ಎಲ್ಲ ನಿಮ್ಮ ಫೋನಿನಲ್ಲೇ ಇವೆ, ಅವಕ್ಕೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಕೆಳಗಿನ ಬೆಲೆಯಲ್ಲಿ ವೈರ್ ಗೆಲ್ಲುವುದು ಈ ಕಾರಣಕ್ಕೆ. ಬೆಲೆ ಏರಿದಂತೆ ಈ ಅಂತರ ಕಿರಿದಾಗುತ್ತದೆ.

ಇಲ್ಲಿಯೇ ವೈರ್‌ನ ಅಭಿಮಾನಿಗಳಿಗೂ ಒಂದು ಮಾತು. ಬ್ಲೂಟೂತ್ ಧ್ವನಿಯನ್ನು ಹಿಂಡಿ ಕಳಿಸುತ್ತದೆ, ಆದ್ದರಿಂದ ಅದು ಯಾವಾಗಲೂ ಕೀಳು ಎಂಬ ಅವರ ವಾದ ಅರ್ಧ ಸತ್ಯ. ಹಿಂಡುವುದು ನಿಜ. ಆದರೆ ಕೆಟ್ಟ ಸ್ಪೀಕರಿನಿಂದ, ಸರಿಯಾಗಿ ಕೂರದ ರಬ್ಬರ್‌ನಿಂದ ಆಗುವ ಹಾನಿಯ ಮುಂದೆ ಹಿಂಡಿದ್ದರಿಂದ ಆಗುವ ಹಾನಿ ಸಣ್ಣದು. ಡಬ್ಬದ ಮೇಲೆ ‘20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್’ ಎಂದು ಬರೆದಿರುವುದನ್ನೂ ನಂಬಬೇಡಿ. ಆ ಹರವಿನಲ್ಲಿ ಧ್ವನಿ ಎಷ್ಟು ಡೆಸಿಬೆಲ್ ಏರುಪೇರಾಗುತ್ತದೆ ಎಂದು ಹೇಳದಿದ್ದರೆ ಅದು ಅರ್ಥವಿಲ್ಲದ ಅಂಕಿ. ‘ಎಕ್ಸ್‌ಟ್ರಾ ಬಾಸ್’ ಎಂದು ಬರೆದವುಗಳಲ್ಲಿ ಮಂದ್ರವನ್ನು ಅಳತೆ ಮೀರಿ ಉಬ್ಬಿಸಿ ಗಾಯಕರ ಕಂಠವನ್ನೇ ಮಸುಕು ಮಾಡಿದವು ಎಷ್ಟೋ. ವೈರ್ ಇದ್ದ ಮಾತ್ರಕ್ಕೆ ಧ್ವನಿ ಒಳ್ಳೆಯದಾಗುವುದಿಲ್ಲ. ಒಳ್ಳೆಯ ಧ್ವನಿ ಅಗ್ಗಕ್ಕೆ ಸಿಗಲು ವೈರ್ ದಾರಿ ಮಾಡಿಕೊಡುತ್ತದೆ.

ತಂತಿ ಖಚಿತವಾಗಿ ಮೇಲುಗೈ ಸಾಧಿಸುವ ಜಾಗಗಳು ಬೇರೆ ಇವೆ, ಅವುಗಳ ಮಾತು ಯಾರೂ ಎತ್ತುವುದಿಲ್ಲ. ಮೊದಲನೆಯದು ಮೈಕು. ಸಾಮಾನ್ಯ ಬ್ಲೂಟೂತ್ ಬಡ್ಸ್‌ನಲ್ಲಿ ಕರೆ ಬಂದ ಕೂಡಲೇ ಧ್ವನಿಯ ಗುಣಮಟ್ಟ ಕುಸಿಯುತ್ತದೆ. ಎರಡೂ ದಿಕ್ಕಿನಲ್ಲಿ ಮಾತು ಸಾಗಿಸಲು ಅದು ಬೇರೊಂದು ಕ್ರಮಕ್ಕೆ ಬದಲಾಗಿ, ಸೆಕೆಂಡಿಗೆ 8,000 ಇಲ್ಲವೇ 16,000 ಮಾದರಿಗಳಷ್ಟೇ ಇರುವ ಧ್ವನಿಯನ್ನು ಕಳಿಸುತ್ತದೆ. ಎಲ್‌ಇ ಆಡಿಯೊ ಎಂಬ ಹೊಸ ಕ್ರಮ ಇದನ್ನು ಸುಧಾರಿಸಿದೆ, ಆದರೆ ಅದು ಫೋನು ಮತ್ತು ಬಡ್ಸ್ ಎರಡರಲ್ಲೂ ಇರಬೇಕು. ವೈರ್‌ನ ಮೈಕು ಗದ್ದದ ಹತ್ತಿರ ನೇತಾಡುತ್ತದೆ, ಮಾತು ತುಂಬಿ ಬರುತ್ತದೆ. ಅಂಗಿಯ ಕಾಲರಿಗೆ ಉಜ್ಜಿದರೆ ಪರಪರ ಎನ್ನುವುದು ಅದರ ತೊಂದರೆ; ಒಂದು ಕ್ಲಿಪ್ ಸಿಕ್ಕಿಸಿದರೆ ಅದಕ್ಕೂ ಪರಿಹಾರವಿದೆ.

ಎರಡನೆಯದು ವಿಳಂಬ. ಬ್ಲೂಟೂತ್‌ನಲ್ಲಿ ಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ತಡವಾಗುವುದು ಸಾಮಾನ್ಯ. ಸಿನಿಮಾ ನೋಡುವಾಗ ಫೋನ್ ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸಿಕೊಳ್ಳುತ್ತದೆ. ಫೋನಿನ ತಾಳದ ಆ್ಯಪ್ ಹಾಕಿಕೊಂಡು ಮೃದಂಗ ಅಭ್ಯಾಸ ಮಾಡುತ್ತ ತನ್ನ ನುಡಿಕಾರವನ್ನು ಮೈಕಿನ ಮೂಲಕ ಕೇಳಿಕೊಳ್ಳುವ ವಿದ್ಯಾರ್ಥಿಗೆ ಹಾಗೆ ಹೊಂದಿಸಿಕೊಡುವವರಿಲ್ಲ. ಬರೆದಿಳಿಸುವ ನನ್ನ ಕೆಲಸದಲ್ಲೂ ಅಷ್ಟೇ. ಒಂದು ಪದಕ್ಕಾಗಿ ನೂರು ಸಲ ಹಿಂದೆ ಹೋಗಿ ನಿಲ್ಲಿಸಿ ಕೇಳುವಾಗ, ಬಡ್ಸ್‌ನಲ್ಲಿ ಪದದ ಮೊದಲ ಅಕ್ಷರವೇ ನುಂಗಿಹೋಗುತ್ತದೆ. ತಂತಿಯಲ್ಲಿ ಗುಂಡಿ ಒತ್ತಿದ ಕ್ಷಣಕ್ಕೆ ಮಾತು ಬರುತ್ತದೆ.

ಮೂರನೆಯದು ರೇಡಿಯೊ. ಎಫ್‌ಎಂ ಇರುವ ಫೋನಿನಲ್ಲಿ ಇಯರ್‌ಫೋನಿನ ವೈರೇ ಆಂಟೆನಾ. ಒಂದು ಎಫ್‌ಎಂ ವಾಹಿನಿ ಬರುವುದು 100.1 ಮೆಗಾಹರ್ಟ್ಸ್‌ನಲ್ಲಿ ಎನ್ನೋಣ. ಆ ಅಲೆಯ ಉದ್ದ ಸುಮಾರು ಮೂರು ಮೀಟರ್, ಅದರ ಕಾಲು ಭಾಗ ಮುಕ್ಕಾಲು ಮೀಟರ್. ಕೊರಳಿನಿಂದ ಜೇಬಿಗೆ ಇಳಿಬಿದ್ದ ವೈರ್ ಅದನ್ನು ಹಿಡಿಯಲು ಧಾರಾಳ ಸಾಕು. 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ಮುಚ್ಚಬಾರದೆಂದು ತಯಾರಕರಿಗೆ ಸಲಹೆ ಕೊಟ್ಟಿತು. ವಿಪತ್ತಿನ ಹೊತ್ತಿನಲ್ಲಿ ರೇಡಿಯೊ ಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮಳೆಗಾಲದಲ್ಲಿ ಟವರ್ ಸತ್ತು ಇಂಟರ್ನೆಟ್ ಹೋದ ಮಲೆನಾಡಿನ ಹಳ್ಳಿಯಲ್ಲಿ ಆ ಸಲಹೆಗೆ ಬೆಲೆ ಬರುವುದು ಮನೆಯಲ್ಲಿ ಒಂದು ವೈರ್ ಇಯರ್‌ಫೋನ್ ಇದ್ದರೆ.

ತಂತಿಯ ನಿಜವಾದ ತೊಡಕುಗಳನ್ನೂ ಹೇಳಿಬಿಡುತ್ತೇನೆ. ಓಡುವಾಗ, ಅಡುಗೆ ಮಾಡುವಾಗ ಅದು ಕೈಗೆ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಹಾಕಿದಾಗ ವೈರ್ ಬಟ್ಟೆಗೆ ತಾಗಿದ ಸದ್ದು ಕಿವಿಗೆ ಬಡಿಯುತ್ತದೆ. ಜ್ಯಾಕ್ ಇಲ್ಲದ ಫೋನಿಗೆ ಟೈಪ್-ಸಿ ಕನ್ವರ್ಟರ್ ಬೇಕು, ಅದರಲ್ಲೂ ಚಿಪ್ ಇರುವುದು ಮತ್ತು ಇಲ್ಲದ್ದು ಎಂಬ ಎರಡು ಬಗೆ. ಚಿಪ್ ಇಲ್ಲದ್ದು ಎಷ್ಟೋ ಫೋನುಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಕನ್ವರ್ಟರ್ ಹಾಕಿದರೆ ಚಾರ್ಜ್ ಹಾಕುವ ಜಾಗ ಹೋಗುತ್ತದೆ. ಓಟಗಾರರಿಗೆ, ಎರಡೂ ಕೈ ಬಿಡುವಿಲ್ಲದೆ ದುಡಿಯುವವರಿಗೆ ಬಡ್ಸ್ ಒಳ್ಳೆಯದೆಂದು ನಾನೇ ಹೇಳುತ್ತೇನೆ. ಆದರೆ ಕೂತು ಓದುವ ವಿದ್ಯಾರ್ಥಿಗೆ, ಕೂತು ಕೇಳುವ ರಸಿಕರಿಗೆ, ಕೂತು ಮಾತಾಡುವ ನೌಕರರಿಗೆ ತಂತಿ ಅಡ್ಡಬಂದದ್ದು ಎಷ್ಟು ಸಲ?

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಮೂರು ಅಳತೆಯ ರಬ್ಬರ್ ಜೊತೆಗಿರಲಿ. ಪಿನ್ನು ಬಾಗಿದ್ದು, ಬುಡದ ತೋಳು ಮೆದುವಾಗಿರಲಿ. ಅಂಗಡಿಯಲ್ಲಿ ಹಾಕಿ ಕೇಳುವ ಅವಕಾಶವಿದ್ದರೆ ಅಬ್ಬರದ ಹಾಡು ಬೇಡ, ನೀವು ಚೆನ್ನಾಗಿ ಬಲ್ಲ ಒಬ್ಬರ ಮಾತು ಕೇಳಿ. ಅವರು ಎದುರಿಗೆ ಕೂತು ಮಾತಾಡಿದಂತಿದ್ದರೆ ಅದು ಒಳ್ಳೆಯದು. ಮನೆಗೆ ತಂದ ಮೇಲೆ ಸಮಾಧಾನದಿಂದ ಮೂರೂ ಜೊತೆ ರಬ್ಬರ್ ಹಾಕಿ ನೋಡಿ. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆ ಬೇಕಾದರೂ ಆಶ್ಚರ್ಯವಿಲ್ಲ. ಸರಿಯಾದ ಜೊತೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ತಂಬೂರಿ ಹಾಕಿ ಮತ್ತೆ ಬೆರಳಿನಿಂದ ಒತ್ತಿ. ಒತ್ತಿದಾಗಲೂ ಮಂದ್ರ ಷಡ್ಜ ಮೊದಲಿನಷ್ಟೇ ಇದ್ದರೆ, ಬೆರಳು ಮಾಡುತ್ತಿದ್ದ ಕೆಲಸವನ್ನು ರಬ್ಬರ್ ವಹಿಸಿಕೊಂಡಿದೆ ಎಂದರ್ಥ. ಆಮೇಲೆ ವಾಲ್ಯೂಮನ್ನು ಎರಡು ಗೆರೆ ಇಳಿಸಿ. ಇಳಿಸಿದ ಮೇಲೂ ನಾಲ್ಕೂ ತಂತಿ ಕೇಳುತ್ತವೆ.